ಮರಣಭಯವೂ ಶರಣರ ನ್ಯಾಯಸ್ಥಾನವೂ

೧

ಹುಟ್ಟಿದವರಿಗೆ ಸಾವು ತಪ್ಪದೆಂಬುದನ್ನು ಅರಿಯದ ಮನುಷ್ಯನಿಲ್ಲ. ಆದರೆ ಆ ಅರಿವಿನಿಂದ ನೆಮ್ಮದಿ ಪಡೆದವರು ಅತಿ ವಿರಳ. ಪತಂಜಲಿಮುನಿಯು ಯೋಗಸೂತ್ರದಲ್ಲಿ ಐದು ಕ್ಲೇಶಗಳನ್ನು ಎಣಿಸುವಾಗ ಅವಿದ್ಯೆ, ಅಸ್ಮಿತೆ, ರಾಗ, ದ್ವೇಷಗಳ ತರುವಾಯ ಅಭಿನಿವೇಶವನ್ನು, ಎಂದರೆ ಬದುಕನ್ನು ಬಿಗಿದಪ್ಪಿಕೊಳ್ಳುವ ಸ್ವಭಾವವನ್ನು ಹೇಳಿ, ಅದು ತಿಳಿದವರನ್ನೂ ಬಿಡುವುದಿಲ್ಲವೆಂದು ಎಚ್ಚರಿಸಿದ್ದಾನೆ. ತಿಳಿವಳಿಕೆಯೊಂದೇ ಈ ಭಯಕ್ಕೆ ಮದ್ದಲ್ಲವೆಂಬುದು ಇದರ ತಾತ್ಪರ್ಯ.

ಮರಣಭಯವೆಂದು ಒಂದೇ ಹೆಸರಿನಿಂದ ಕರೆಯುವ ಈ ಭಾವದಲ್ಲಿ ಎರಡು ಬೇರೆ ಬೇರೆ ಅಂಜಿಕೆಗಳು ಬೆರೆತಿವೆ. ಮೊದಲನೆಯದು ಇಲ್ಲವಾಗುವ ಅಂಜಿಕೆ. ಕಂಡುಂಡ ಲೋಕವನ್ನೂ ನಚ್ಚಿದ ಜನರನ್ನೂ ಬಿಟ್ಟುಹೋಗಬೇಕಲ್ಲ ಎಂಬ ಸಂಕಟ. ಎರಡನೆಯದು ಲೆಕ್ಕ ಒಪ್ಪಿಸುವ ಅಂಜಿಕೆ. ಆಚೆಯ ದಡದಲ್ಲಿ ಯಾರೋ ಒಬ್ಬರು ಬದುಕಿನ ಕಡತವನ್ನು ಬಿಚ್ಚಿ ಕುಳಿತಿದ್ದಾರೆಂಬ ಕಳವಳ. ಮೊದಲನೆಯದರ ನೆರಳು ಪಶುಪಕ್ಷಿಗಳಲ್ಲಿಯೂ ಕಾಣುತ್ತದೆ. ಎರಡನೆಯದು ಮನುಷ್ಯನೊಬ್ಬನಿಗೇ ಮೀಸಲಾದದ್ದು. ಏಕೆಂದರೆ ತಪ್ಪು ಮಾಡಿದೆನೆಂದು ತಿಳಿಯುವ ಶಕ್ತಿ ಅವನಿಗೆ ಮಾತ್ರ ಇದೆ.

ಶರಣರಿಗೆ ಮರಣವೇ ಮಹಾನವಮಿಯೆಂಬ ನಾಣ್ಣುಡಿ ಕನ್ನಡನಾಡಿನಲ್ಲಿ ಮನೆಮಾತಾಗಿದೆ. ಇದರ ಆಧಾರದ ಮೇಲೆ, ವಚನಕಾರರು ಮರಣಭಯವನ್ನೂ ಪರಲೋಕದ ವಿಚಾರಣೆಯ ಕಲ್ಪನೆಯನ್ನೂ ಬುಡಸಹಿತ ಕಿತ್ತೆಸೆದರೆಂದು ಉಪನ್ಯಾಸಗಳಲ್ಲಿ ಹೇಳುವುದು ವಾಡಿಕೆ. ಈ ಹೇಳಿಕೆ ಅರ್ಧಸತ್ಯ. ಶರಣರು ನ್ಯಾಯಸ್ಥಾನವನ್ನು ಕೆಡವಲಿಲ್ಲ. ಅದನ್ನು ಸಾವಿನ ಆಚೆಯಿಂದ ಈಚೆಗೆ ತಂದರು. ವಿಚಾರಣೆಯನ್ನು ರದ್ದುಗೊಳಿಸಲಿಲ್ಲ, ಅದರ ದಿನವನ್ನು ಇಂದಿಗೇ ಗೊತ್ತುಪಡಿಸಿದರು. ಈ ವ್ಯತ್ಯಾಸವನ್ನು ಮರೆತರೆ ವಚನಗಳ ಧೈರ್ಯವು ಬರಿಯ ಉಡಾಫೆಯಂತೆ ಕಾಣುವ ಅಪಾಯವುಂಟು.

೨

ಪರಲೋಕದ ನ್ಯಾಯಸ್ಥಾನದ ಕಲ್ಪನೆ ಒಂದೇ ದಿನದಲ್ಲಿ ಬೆಳೆದುದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಬರುವ ಯಮನು ದಂಡಧರನಲ್ಲ. ಮೊದಲು ಸತ್ತು, ಸತ್ತವರು ಹೋಗಬೇಕಾದ ದಾರಿಯನ್ನು ಮೊದಲು ಕಂಡವನು, ಪಿತೃಗಳ ಒಡೆಯನು. ಕಠೋಪನಿಷತ್ತಿನಲ್ಲಿ ಅವನು ಗುರು. ಮನೆಗೆ ಬಂದ ಬಾಲಕ ನಚಿಕೇತನನ್ನು ಮೂರು ರಾತ್ರಿ ಉಪವಾಸವಿರಿಸಿದ ತಪ್ಪಿಗಾಗಿ ತಾನೇ ಅಂಜಿ ಮೂರು ವರಗಳನ್ನು ಕೊಡುವ ಗೃಹಸ್ಥ. ಪುರಾಣಗಳ ಕಾಲಕ್ಕೆ ಬಂದಾಗ ಈ ಚಿತ್ರ ಪೂರ್ಣವಾಗಿ ಬದಲಾಗುತ್ತದೆ. ಯಮನಿಗೆ ಆಸ್ಥಾನ ಬರುತ್ತದೆ, ದೂತರು ಬರುತ್ತಾರೆ, ಕಡತ ಹಿಡಿದ ಚಿತ್ರಗುಪ್ತ ಬರುತ್ತಾನೆ, ದಾಟಬೇಕಾದ ವೈತರಣಿ ಹರಿಯುತ್ತದೆ. ಭಾಗವತದ ಐದನೆಯ ಸ್ಕಂಧವು ನರಕಗಳನ್ನು ಮೊದಲು ೨೧ ಎಂದೂ, ಮತ್ತೆ ಏಳನ್ನು ಸೇರಿಸಿ ೨೮ ಎಂದೂ ಎಣಿಸಿ, ಒಂದೊಂದು ಪಾಪಕ್ಕೆ ಒಂದೊಂದು ಯಾತನೆಯನ್ನು ಹಂಚುತ್ತದೆ. ದಾರಿ ತೋರಿಸುವವನು ಗುರುವಾಗಿ, ಗುರುವು ನ್ಯಾಯಾಧಿಪತಿಯಾದ ಕಥೆಯಿದು.

ಇಂಥ ನ್ಯಾಯಸ್ಥಾನ ಜನರಿಗೆ ಏಕೆ ಬೇಕಾಯಿತು? ಹೆದರಿಸುವವರ ಕುಟಿಲದಿಂದ ಮಾತ್ರವೇ ಇದು ಹುಟ್ಟಿತೆನ್ನುವುದು ಸರಳವಾದ ಉತ್ತರ. ಈ ಲೋಕದ ನ್ಯಾಯಸ್ಥಾನಗಳಲ್ಲಿ ಬಡವನ ದೂರು ಬಾಗಿಲಲ್ಲೇ ನಿಲ್ಲುತ್ತದೆ. ಉಳ್ಳವನ ತಪ್ಪಿಗೆ ಸಾಕ್ಷಿ ಸಿಗುವುದಿಲ್ಲ. ಲಂಚ ನಡೆಯದ, ಸಾಕ್ಷಿ ತಿರುಗದ, ಕಡತ ಕಳೆಯದ ಒಂದು ಚಾವಡಿ ಎಲ್ಲಿಯಾದರೂ ಇರಲೇಬೇಕೆಂಬ ನೊಂದವರ ಹಂಬಲವೂ ಚಿತ್ರಗುಪ್ತನ ಲೇಖನಿಯ ಹಿಂದೆ ಇದೆ. ಆದ್ದರಿಂದ ಈ ಭಯದ ಬೇರಿನಲ್ಲಿ ನೀತಿಯ ಹಸಿಯಿದೆ ಎಂಬುದನ್ನು ವಿಮರ್ಶಕನು ಮರೆಯಬಾರದು.

ಆದರೆ ಕಾಲಕ್ರಮದಲ್ಲಿ ಆ ಚಾವಡಿಯ ಬಾಗಿಲಲ್ಲಿಯೂ ಮಧ್ಯಸ್ಥರು ನಿಂತರು. ವೈತರಣಿಯನ್ನು ದಾಟಲು ಗೋದಾನ, ಪ್ರೇತದ ಹಸಿವಿಗೆ ಪಿಂಡ, ಪಾಪದ ಪರಿಹಾರಕ್ಕೆ ಶಾಂತಿ ಎಂದು ವಿಧಿಗಳು ಬೆಳೆದವು. ಲಂಚ ನಡೆಯಬಾರದೆಂದು ಕಟ್ಟಿದ ನ್ಯಾಯಸ್ಥಾನದಲ್ಲಿ ದಕ್ಷಿಣೆ ನಡೆಯತೊಡಗಿತು. ಹಸುವನ್ನು ದಾನ ಮಾಡಬಲ್ಲವನು ಹೊಳೆ ದಾಟಿದನು; ಹಸುವಿಲ್ಲದವನು ದಡದಲ್ಲಿ ನಿಂತು ನಡುಗಿದನು. ನೊಂದವರಿಗೆ ಆಸರೆಯಾಗಿ ಹುಟ್ಟಿದ ಕಲ್ಪನೆ ನೊಂದವರನ್ನೇ ಹೆದರಿಸುವ ಸಾಧನವಾಯಿತು.

ಕನ್ನಡನಾಡು ಈ ಭಯಕ್ಕೆ ವಚನಕಾರರಿಗಿಂತ ಮೊದಲೇ ಬೇರೆ ಉತ್ತರಗಳನ್ನು ಹುಡುಕಿತ್ತು. ಊರೂರಿನ ವೀರಗಲ್ಲುಗಳನ್ನು ನೋಡಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವ ದೃಶ್ಯ, ಮೇಲೆ ಶಿವಲಿಂಗದ ಸನ್ನಿಧಿ. ಸಾಮಾನ್ಯವಾಗಿ ಕಾಣುವುದು ಈ ಮೂರೇ ಹಂತಗಳು. ಕಾಳಗಕ್ಕೂ ಕೈಲಾಸಕ್ಕೂ ನಡುವೆ ವಿಚಾರಣೆಯ ಪಟ್ಟಿಕೆಯಿಲ್ಲ. ಊರ ತುರುಗಳಿಗಾಗಿ ಪ್ರಾಣ ಕೊಟ್ಟವನಿಂದ ಬೇರೆ ಲೆಕ್ಕ ಕೇಳುವುದು ಆ ಕಲ್ಲುಕುಟಿಗನಿಗೆ ಸಲ್ಲದೆನಿಸಿತು. ಜೈನ ಪರಂಪರೆಯ ಉತ್ತರ ಇನ್ನೊಂದು ಬಗೆಯದು. ಶ್ರವಣಬೆಳಗೊಳದ ಸಲ್ಲೇಖನದ ಶಾಸನಗಳೂ, ವಡ್ಡಾರಾಧನೆಯ ೧೯ ಕಥೆಗಳೂ ಸಾವನ್ನು ಎದುರುಗೊಳ್ಳುವುದನ್ನೇ ಒಂದು ಸಾಧನೆಯನ್ನಾಗಿ ಮಾಡಿದವು. ಆದರೆ ವೀರಗಲ್ಲಿನ ದಾರಿ ಯೋಧನದು, ಸಲ್ಲೇಖನದ ದಾರಿ ವ್ರತಿಯದು. ಅಗಸ, ಅಂಬಿಗ, ಸೌದೆ ಮಾರುವವನು, ಸೂಳೆ, ಸುಂಕದವನು ಇವರಿಗೆ ದಾರಿ ಯಾವುದು? ೧೨ನೆಯ ಶತಮಾನದ ಕಲ್ಯಾಣವು ಎತ್ತಿಕೊಂಡ ಪ್ರಶ್ನೆ ಇದೇ.

೩

ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಅವರ ಚರಿತೆಯನ್ನು ರಗಳೆಯಲ್ಲಿ ಹಾಡಿದ ಹರಿಹರನೂ ಮೊದಲು ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಶರಣರ ನಡುವೆ ಸುಂಕದ ಬಂಕಣ್ಣನಿದ್ದಾನೆ, ಬೊಕ್ಕಸದ ಚಿಕ್ಕಣ್ಣನಿದ್ದಾನೆ. ಲೆಕ್ಕವೆಂದರೇನು, ಲೆಕ್ಕದಲ್ಲಿ ಕಳ್ಳತನ ಹೇಗೆ ನುಸುಳುತ್ತದೆ, ಒಪ್ಪಿಸುವ ದಿನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯ ಇವರಿಗಿರಲಿಲ್ಲ. ಚಿತ್ರಗುಪ್ತನ ಉದ್ಯೋಗವನ್ನು ಒಳಗಿನಿಂದ ಬಲ್ಲವರು ಇವರು.

ಈ ಹಿನ್ನೆಲೆಯಲ್ಲಿ ಬಸವಣ್ಣನವರ ಮೂರು ವಚನಗಳ ಭಾವವನ್ನು ಪರಿಶೀಲಿಸುವುದು ಉಚಿತ. ಮೊದಲನೆಯದರಲ್ಲಿ ಈ ಲೋಕವನ್ನು ಅವರು ನಾಣ್ಯ ಅಚ್ಚುಹಾಕುವ ಟಂಕಸಾಲೆಗೆ ಹೋಲಿಸುತ್ತಾರೆ. ಇಲ್ಲಿ ಚಲಾವಣೆಯಾಗದ ನಾಣ್ಯಕ್ಕೆ ಬೇರೆಲ್ಲಿಯೂ ಬೆಲೆಯಿಲ್ಲವೆಂಬುದು ಅದರ ಸಾರ. ಸಾಮಾನ್ಯ ನಂಬಿಕೆಯಲ್ಲಿ ಈ ಲೋಕ ಸಂಪಾದನೆಯ ಸ್ಥಳ, ಪರೀಕ್ಷೆ ನಡೆಯುವುದು ಪರಲೋಕದಲ್ಲಿ. ಭಂಡಾರಿಯ ದೃಷ್ಟಿಯಲ್ಲಿ ಈ ಕ್ರಮ ತಲೆಕೆಳಗು. ನಾಣ್ಯದ ತೂಕವನ್ನೂ ಲೋಹದ ಶುದ್ಧಿಯನ್ನೂ ನೋಡುವುದು ಅಚ್ಚಿನ ಮನೆಯಲ್ಲಿಯೇ; ಪೇಟೆಗೆ ಹೋದ ಮೇಲೆ ನಡೆಯುವುದು ಬರಿಯ ಚಲಾವಣೆ. ಉಪಮೆಯು ಅಲಂಕಾರವಾಗಿ ಬರದೆ ವಾದವಾಗಿಯೇ ಬಂದಿರುವುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಇದೇ ಮಾತನ್ನು ಇನ್ನೊಂದು ವಚನದಲ್ಲಿ ಅವರು ಉಪಮೆಯ ನೆರವಿಲ್ಲದೆ ಹೇಳಿ, ನಡೆನುಡಿಗಳ ಶುದ್ಧಿಯಲ್ಲಿಯೇ ಸ್ವರ್ಗವನ್ನೂ ಅವುಗಳ ಕೇಡಿನಲ್ಲಿಯೇ ನರಕವನ್ನೂ ತೋರಿಸಿದ್ದಾರೆ.

ಎರಡನೆಯದು ಮುಪ್ಪನ್ನು ವರ್ಣಿಸುವ ಪ್ರಸಿದ್ಧ ವಚನ. ಕೂದಲು ನರೆಯುವುದು, ಮುಖ ಸುಕ್ಕುವುದು, ಹಲ್ಲು ಉದುರುವುದು, ಬೆನ್ನು ಬಾಗುವುದು, ಪರರ ಹಂಗಿಗೆ ಬೀಳುವುದು, ಕೋಲಿಗೆ ಕೈಯೊಡ್ಡುವುದು, ಹೀಗೆ ಒಂದರ ಮೇಲೊಂದು ಚಿತ್ರ ಬಂದು ಕೊನೆಯಲ್ಲಿ ಮೃತ್ಯುವಿನ ಹೆಸರು ಬರುತ್ತದೆ. ಓದುವವನ ಎದೆ ನಡುಗದಿರದು. ಆದರೆ ಆ ಪಟ್ಟಿಯಲ್ಲಿ ಯಮನ ಆಸ್ಥಾನವಿಲ್ಲ, ಕುದಿಯುವ ಎಣ್ಣೆಯಿಲ್ಲ, ಕತ್ತಿಯಂಥ ಎಲೆಗಳ ಕಾಡಿಲ್ಲ. ಮೃತ್ಯುವಿನ ಅನಂತರದ ಒಂದು ಚಿತ್ರವೂ ಇಲ್ಲ. ವಚನವು ಸಾವಿನ ಹೊಸ್ತಿಲಿಗೆ ಬಂದು ಹಿಂದಕ್ಕೆ ತಿರುಗಿ, ಬದುಕಿರುವಾಗಲೇ ಪೂಜಿಸೆಂದು ಹೇಳಿ ಮುಗಿಯುತ್ತದೆ. ಇಲ್ಲಿ ಹೆದರಬೇಕಾದದ್ದು ನರಕಕ್ಕಲ್ಲ, ತಡಕ್ಕೆ. ಸಾವು ಶಿಕ್ಷೆಯಲ್ಲ, ಗಡುವು. ಗಡುವಿಗೆ ಅಂಜುವವನು ಕೆಲಸಕ್ಕೆ ಕೈಹಚ್ಚುತ್ತಾನೆ. ಶಿಕ್ಷೆಗೆ ಅಂಜುವವನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾನೆ. ಭಯದ ಜಾತಿಯನ್ನೇ ಬದಲಿಸುವ ಕಾರ್ಯವನ್ನು ಈ ವಚನ ಮಾಡುತ್ತದೆ.

ಮೂರನೆಯದು ಆಣೆಯ ವಚನ. ನಾಳೆಗೆ ಬೇಕೆಂದು ತನಗಾಗಿ ಚಿನ್ನವನ್ನಾಗಲಿ ಬಟ್ಟೆಯನ್ನಾಗಲಿ ಕಿಂಚಿತ್ತೂ ತೆಗೆದಿಟ್ಟಿಲ್ಲವೆಂದು ಬಸವಣ್ಣನವರು ದೇವರ ಮೇಲೂ ಪುರಾತನರ ಮೇಲೂ ಪ್ರಮಾಣ ಮಾಡುತ್ತಾರೆ. ೧೩೬೯ರಲ್ಲಿ ಭೀಮಕವಿ ರಚಿಸಿದ ಬಸವಪುರಾಣದಲ್ಲಿ, ರಾಜಭಂಡಾರವನ್ನು ಜಂಗಮರಿಗೆ ಸವೆಸಿದನೆಂಬ ದೂರಿನ ಮೇಲೆ ಬಿಜ್ಜಳನು ಲೆಕ್ಕ ನೋಡಿಸಿ ಕೊರತೆಯನ್ನು ಕಾಣದೆ ಹೋದ ಪ್ರಸಂಗವಿದೆ. ಪುರಾಣವು ಅದನ್ನು ಪವಾಡವಾಗಿ ಕಂಡಿತು. ವಚನವು ಹೇಳುವುದು ಪವಾಡಕ್ಕಿಂತ ಕಠಿಣವಾದ ಸಂಗತಿ: ದಿನದ ಲೆಕ್ಕವನ್ನು ದಿನವೇ ಒಪ್ಪಿಸುವ ಶಿಸ್ತು. ನಾಳಿನ ಗಂಟನ್ನೇ ಕಟ್ಟದವನಿಗೆ ಕೊನೆಯ ದಿನದ ಕಡತದಲ್ಲಿ ಬಾಕಿ ಎಲ್ಲಿಂದ ಬಂದೀತು?

೪

ಇಷ್ಟು ಹೇಳಿ ನಿಲ್ಲಿಸಿದರೆ ವಿಮರ್ಶೆ ಸ್ತೋತ್ರವಾಗುತ್ತದೆ. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಹೊರತಂದ ಮೇಲೆ ಒಂದೊಂದು ಪದದ ಜಾಡನ್ನೂ ಹಿಡಿದು ನೋಡುವ ಅನುಕೂಲ ಓದುಗರಿಗೆ ದೊರೆತಿದೆ. ಹಾಗೆ ನೋಡಿದಾಗ ನರಕದ ಹೆಸರು ವಚನಗಳಲ್ಲಿ ಅಪರೂಪವಲ್ಲವೆಂಬುದು ಕೂಡಲೇ ತಿಳಿಯುತ್ತದೆ. ನಾಯಕನರಕ, ಅಘೋರನರಕ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಆಚಾರವನ್ನು ವಿಧಿಸುವ ವಚನಗಳು ವ್ರತ ತಪ್ಪಿದವನನ್ನು ನೇರವಾಗಿ ನರಕದಿಂದಲೇ ಬೆದರಿಸುತ್ತವೆ. ಅನ್ಯದೈವಕ್ಕೆ ಎರಗಿದವನ ಮೇಲೂ ಇದೇ ಅಸ್ತ್ರ ಬೀಳುತ್ತದೆ. ವಚನಕಾರರೆಲ್ಲರೂ ನರಕವನ್ನು ನಿರಾಕರಿಸಿದರೆಂಬ ಮಾತು ಈ ಸಾಕ್ಷ್ಯದ ಎದುರು ನಿಲ್ಲಲಾರದು.

ಆದರೆ ಬೆದರಿಕೆಯ ಗುರಿ ಯಾರೆಂಬುದನ್ನೂ ನೋಡಬೇಕು. ಹೆಚ್ಚಿನ ಕಡೆಗಳಲ್ಲಿ ಆ ಗುರಿ ದೂರದ ಪಾಮರನಲ್ಲ, ಹತ್ತಿರದ ವೇಷಧಾರಿ. ಲಿಂಗವನ್ನು ಧರಿಸಿಯೂ ಸುಳ್ಳಾಡುವ ಭಕ್ತ, ಶಿಷ್ಯನ ಹಣಕ್ಕೆ ಆಸೆಪಡುವ ಗುರು, ಒಡಲಿಗಾಗಿ ಅಲೆಯುವ ಜಂಗಮ ಇವರು ಆ ಕಟುನುಡಿಯ ಎದುರಿನಲ್ಲಿ ನಿಂತಿದ್ದಾರೆ. ಪುರೋಹಿತನು ಜನರನ್ನು ಹೆದರಿಸುತ್ತಿದ್ದ ಆಯುಧವನ್ನು ವಚನಕಾರರು ಧರ್ಮದ ಹೆಸರಿನಲ್ಲಿ ಬದುಕುವವರ ಕಡೆಗೇ ತಿರುಗಿಸಿದರು. ಆಯುಧವನ್ನು ಪೂರ್ತಿ ಕೆಳಗಿಳಿಸಲಿಲ್ಲವೆಂಬುದು ನಿಜ. ಅದನ್ನು ತಮ್ಮವರ ಎದೆಗೇ ಹಿಡಿದರೆಂಬುದೂ ಅಷ್ಟೇ ನಿಜ. ವಚನಗಳಲ್ಲಿ ಸಿದ್ಧಾಂತದ ಏಕರೂಪತೆಯನ್ನು ಹುಡುಕುವುದಕ್ಕಿಂತ ಈ ಒಳತೋಟಿಯನ್ನು ಒಪ್ಪಿಕೊಂಡು ಓದುವುದು ಹೆಚ್ಚು ಫಲಕಾರಿ.

೫

ಮರಣಭಯದ ಅತ್ಯಂತ ಸೂಕ್ಷ್ಮವಾದ ಪರಿಶೀಲನೆ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿ, ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ ಈ ಕೃತಿ, ಶರಣರ ಕಾಲಕ್ಕೆ ಶತಮಾನಗಳ ತರುವಾಯದ್ದು. ಇದರ ಸಂವಾದಗಳು ನಡೆದಂತೆಯೇ ದಾಖಲಾದವಲ್ಲ. ಬಿಡಿವಚನಗಳನ್ನು ಪೋಣಿಸಿ ಸಂಪಾದಕರು ಕಟ್ಟಿದ ನಾಟಕವದು. ಆದರೂ ಆ ಜೋಡಣೆಯಲ್ಲಿಯೇ ಒಂದು ತಾತ್ತ್ವಿಕ ವಿಮರ್ಶೆ ಅಡಗಿದೆ. ಕೃತಿಯ ಆರಂಭದ ಭಾಗದಲ್ಲಿ ಬರುವ ಮುಕ್ತಾಯಕ್ಕನ ಪ್ರಸಂಗವನ್ನೂ ಕೊನೆಯ ಭಾಗದಲ್ಲಿ ಬರುವ ಗೋರಕ್ಷನ ಪ್ರಸಂಗವನ್ನೂ ಜೊತೆಯಲ್ಲಿಟ್ಟು ಓದಿದರೆ ಇದು ಸ್ಪಷ್ಟವಾಗುತ್ತದೆ.

ಮುಕ್ತಾಯಕ್ಕನು ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವಾಗ ಅಲ್ಲಮಪ್ರಭುಗಳು ಅಲ್ಲಿಗೆ ಬರುತ್ತಾರೆ. ಅಜಗಣ್ಣನು ಅವಳಿಗೆ ಒಡಹುಟ್ಟಿದವನು ಮಾತ್ರವಲ್ಲ, ಗುರುವೂ ಹೌದು. ಅವಳ ವಚನಗಳ ಅಂಕಿತವೇ ಅವನ ಹೆಸರು. ಅವಳ ದುಃಖದಲ್ಲಿ ಅಣ್ಣನಿಗೆ ಪರಲೋಕದಲ್ಲಿ ಯಾವ ತೀರ್ಪಾಯಿತೋ ಎಂಬ ಆತಂಕ ಮುಖ್ಯವಾಗಿಲ್ಲ. ದಾರಿ ತೋರುತ್ತಿದ್ದ ದೀಪ ನಡುದಾರಿಯಲ್ಲಿ ಆರಿತೆಂಬ ಅನಾಥಭಾವ ಅವಳದು. ಪ್ರಭುಗಳೂ ಅಣ್ಣನು ಸದ್ಗತಿ ಪಡೆದನು, ಅಳಬೇಡ ಎಂಬ ಸಿದ್ಧ ಸಮಾಧಾನವನ್ನು ಹೇಳುವುದಿಲ್ಲ. ಯಾರಿಗಾಗಿ ಈ ಅಳಲು, ಅಗಲಿದುದು ಯಾವುದು ಎಂಬ ಪ್ರಶ್ನೆಯನ್ನು ಅವಳ ಮುಂದಿಡುತ್ತಾರೆ. ಅವಳೂ ತಲೆಬಾಗಿ ಸುಮ್ಮನಾಗುವವಳಲ್ಲ. ನಿಜವನ್ನರಿತವನಿಗೆ ಮಾತಿನ ಹಂಗೇಕೆಂದು ಪ್ರಭುಗಳನ್ನೇ ಪ್ರಶ್ನಿಸುತ್ತಾಳೆ. ಸಾವಿನ ಮನೆಯಲ್ಲಿ ಆಡುವ ಮಾತುಗಳ ಬೆಲೆಯೇನೆಂಬ ಪ್ರಶ್ನೆ ಇದಕ್ಕಿಂತ ತೀಕ್ಷ್ಣವಾಗಿ ಕನ್ನಡದಲ್ಲಿ ಬೇರೆಡೆ ಕೇಳಿಬಂದಿರುವುದು ವಿರಳ. ಶೋಕವನ್ನು ಬಾಯಿ ಮುಚ್ಚಿಸದೆ, ಮಾತಿಗೆ ಮಾತು ಕೊಟ್ಟು, ಅದು ತಾನಾಗಿ ಅರಿವಿಗೆ ತಿರುಗುವವರೆಗೆ ಜೊತೆಗಿರುವ ತಾಳ್ಮೆ ಈ ಪ್ರಸಂಗದ ಹಿರಿಮೆ.

ಗೋರಕ್ಷನ ಕಥೆ ಇದರ ಇನ್ನೊಂದು ತುದಿ. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಇದು ಪ್ರಸಿದ್ಧವಾಗಿದೆ. ಯೋಗಸಾಧನೆಯಿಂದ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡ ಸಿದ್ಧನವನು. ಕತ್ತಿಯಿಂದ ಹೊಡೆದರೆ ಅವನ ಮೈ ಲೋಹದಂತೆ ಸದ್ದು ಮಾಡುತ್ತದೆಯೇ ಹೊರತು ಗಾಯವಾಗುವುದಿಲ್ಲ. ಅದೇ ಕತ್ತಿಯನ್ನು ಅವನು ಪ್ರಭುಗಳ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಬೀಸಿದಂತೆ ತಡೆಯಿಲ್ಲದೆ ಹಾದುಹೋಗುತ್ತದೆ. ಸಾಮಾನ್ಯವಾಗಿ ಇದನ್ನು ಇಬ್ಬರು ಸಿದ್ಧರ ಮೇಲಾಟವೆಂದು ಓದುತ್ತಾರೆ. ಆದರೆ ಕಥೆಯ ಮರ್ಮವಿರುವುದು ಆ ಸದ್ದಿನಲ್ಲಿ. ಸದ್ದಾಗುವುದೆಂದರೆ ಒಳಗೆ ಎದುರುಬೀಳುವ ವಸ್ತು ಉಳಿದಿದೆಯೆಂದು ಅರ್ಥ. ಸಾವಿಗೆ ಅಂಜದವನು ಮೈಯನ್ನು ವಜ್ರ ಮಾಡಿಕೊಳ್ಳಬೇಕಾದ ಕಾರಣವೇ ಇಲ್ಲ. ಗೋರಕ್ಷನ ವಜ್ರಕಾಯವು ಮರಣಭಯವನ್ನು ಗೆದ್ದುದರ ಗುರುತಲ್ಲ. ಆ ಭಯವೇ ಹೆಪ್ಪುಗಟ್ಟಿ ತಳೆದ ರೂಪ.

ಈ ಎರಡು ಪ್ರಸಂಗಗಳಲ್ಲಿ ಮನುಷ್ಯನು ಸಾವಿಗೆ ಅಂಜುವ ಎರಡು ಕಾರಣಗಳು ಬಯಲಾಗಿವೆ. ಒಬ್ಬಳು ತನ್ನವರನ್ನು ಕಳೆದುಕೊಂಡು ಅಂಜುತ್ತಾಳೆ, ಇನ್ನೊಬ್ಬನು ತನ್ನನ್ನೇ ಕಳೆದುಕೊಂಡೇನೆಂದು ಅಂಜುತ್ತಾನೆ. ಅಳುವವಳೊಡನೆ ಪ್ರಭುಗಳು ಸಂವಾದ ನಡೆಸುತ್ತಾರೆ. ಗಟ್ಟಿಯಾದವನಿಗೆ ಬಯಲನ್ನು ತೋರಿಸುತ್ತಾರೆ. ಇಬ್ಬರಲ್ಲಿ ಯಾರನ್ನೂ ನರಕದಿಂದ ಹೆದರಿಸುವುದಿಲ್ಲ, ಯಾರಿಗೂ ಸ್ವರ್ಗದ ಆಸೆ ತೋರಿಸುವುದಿಲ್ಲ.

೬

ಸಿದ್ಧಾಂತವು ಮನೆಯೊಳಗೆ ಕಾಲಿಡುವುದು ಆಚರಣೆಯ ಮೂಲಕ. ವೀರಶೈವವು ನಿರಾಕರಿಸಿದ ಐದು ಸೂತಕಗಳಲ್ಲಿ ಮರಣಸೂತಕವೂ ಒಂದು. ಸೂತಕವೆಂಬುದು ಮರಣಭಯವು ಗೃಹಧರ್ಮದಲ್ಲಿ ಪಡೆದ ರೂಪ. ಹೆಣ ಮುಟ್ಟಿದರೆ ಮೈಲಿಗೆ, ಸತ್ತ ಮನೆಯ ನೀರು ನಿಷಿದ್ಧ, ನೆಂಟನೂ ಹತ್ತು ದಿನ ಹೊರಗಿನವನು. ಇದನ್ನು ಅಲ್ಲಗಳೆದು, ಅಗಲಿದವರ ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ, ಪೂಜೆಗೆ ಕುಳಿತ ಭಂಗಿಯಲ್ಲಿಯೇ ಮಣ್ಣಿಗೊಪ್ಪಿಸುವ ಕ್ರಮದಲ್ಲಿ ಒಂದು ಮೌನವಾದ ಉಪದೇಶವಿದೆ. ಈ ದೇಹ ನಿನ್ನೆಯವರೆಗೆ ಪ್ರಸಾದಕಾಯವಾಗಿತ್ತು, ಇಂದು ಹೇಸಿಗೆಯಾಗಲಾರದು ಎಂಬುದೇ ಆ ಉಪದೇಶ. ಅದನ್ನು ಕಣ್ಣಾರೆ ಕಂಡ ಮಗುವಿಗೆ ಸಾವಿನ ಬಗೆಗೆ ಬೇರೆ ಪಾಠ ಬೇಕಾಗದು.

ವಿಷಾದದ ಸಂಗತಿಯೆಂದರೆ, ಇದೇ ಸಂಪ್ರದಾಯದ ಕೆಲವು ಮನೆಗಳಲ್ಲಿಯೂ ಉಸಿರು ನಿಂತ ಕೂಡಲೇ ಪಂಚಾಂಗ ತೆಗೆಯುವವರಿದ್ದಾರೆ. ಧನಿಷ್ಠಾಪಂಚಕದಲ್ಲಿ ಪ್ರಾಣ ಹೋಯಿತೆಂದು ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವುದುಂಟು. ಎಂಬತ್ತು ವರ್ಷ ಆ ಮನೆಯನ್ನು ಬೆಳಗಿದ ಹಿರಿಯರು ಒಂದು ನಕ್ಷತ್ರದ ಕಾರಣದಿಂದ ಅದೇ ಮನೆಗೆ ಕೇಡಾಗುವರೆಂದು ನಂಬುವುದು ಶರಣಧರ್ಮಕ್ಕಷ್ಟೇ ಅಲ್ಲ, ಆ ಹಿರಿಯರ ಪ್ರೀತಿಗೂ ಮಾಡುವ ಅಪಚಾರ. ತೆಗೆದುಹಾಕಿದ ನ್ಯಾಯಸ್ಥಾನ ಹಿತ್ತಿಲ ಬಾಗಿಲಿನಿಂದ ಮರಳಿ ಬಂದ ಬಗೆಯಿದು.

ಇದಕ್ಕೆ ವಿರುದ್ಧವಾದ ಇನ್ನೊಂದು ದೋಷವೂ ಇದೆ. ಎಳೆಯ ಮಗನನ್ನು ಮಣ್ಣಿಗಿಟ್ಟು ಬಂದ ತಾಯಿಯ ಮುಂದೆ ಮರಣವೇ ಮಹಾನವಮಿಯೆಂದು ಉಪದೇಶಿಸಿ ಅವಳ ಕಣ್ಣೀರನ್ನು ಭಕ್ತಿಯ ಕೊರತೆಯೆಂದು ಎಣಿಸುವವರುಂಟು. ಆ ನುಡಿ ಶರಣನು ತನ್ನ ಸಾವಿನ ಬಗೆಗೆ ಹೇಳಿಕೊಳ್ಳಬಹುದಾದದ್ದು. ಪರರ ಸಾವಿನ ಬಗೆಗೆ ಪರರಿಗೆ ಹೇಳಬೇಕಾದದ್ದಲ್ಲ. ಮುಕ್ತಾಯಕ್ಕನ ಎದುರಿನಲ್ಲಿ ಸಾಕ್ಷಾತ್ ಅಲ್ಲಮಪ್ರಭುಗಳೇ ಆ ಮಾತನ್ನು ಆಡದೆ ಸಂವಾದಕ್ಕೆ ಕುಳಿತರೆಂಬುದನ್ನು ಉಪದೇಶಕರು ನೆನೆಯಬೇಕು. ನಿರ್ಭಯತೆಯನ್ನು ಹೇರಿದರೆ ಅದೂ ಒಂದು ತೀರ್ಪೇ ಆಗುತ್ತದೆ.

ಪದವೊಂದರ ಸವೆತವನ್ನೂ ಇಲ್ಲಿ ಗಮನಿಸಬಹುದು. ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಸ್ಥಲಗಳ ಕೊನೆಯಲ್ಲಿ ಬರುವ ಐಕ್ಯವು ಬದುಕಿರುವಾಗಲೇ ಎಟುಕಬೇಕಾದ ನಿಲವು. ಇಂದು ಲಿಂಗೈಕ್ಯವೆಂಬುದು ಮರಣದ ಗೌರವವಾಚಕವಾಗಿ ಮಾತ್ರ ಉಳಿದಿದೆ. ಬದುಕಿನಲ್ಲಿ ಸಾಧಿಸಬೇಕಾದದ್ದನ್ನು ಸಾವಿಗೆ ಬಿಟ್ಟುಕೊಟ್ಟಾಗ ಸಾವಿನ ಭಾರ ಹೆಚ್ಚುತ್ತದೆ. ಭಾರ ಹೆಚ್ಚಿದಷ್ಟೂ ಭಯವೂ ಹೆಚ್ಚುತ್ತದೆ.

ಮನುಷ್ಯನು ಸಾವಿಗೆ ಅಂಜುವುದು ಬದುಕಿನ ಮೇಲಣ ಪ್ರೀತಿಯಿಂದ. ಅದು ಸಹಜ, ಅದಕ್ಕೆ ನಾಚಬೇಕಾಗಿಲ್ಲ. ತೀರ್ಪಿಗೆ ಅಂಜುವುದು ತೀರಿಸದೆ ಉಳಿಸಿಕೊಂಡ ಬಾಕಿಯಿಂದ. ಅದಕ್ಕೆ ಪರಿಹಾರ ಪರಲೋಕದಲ್ಲಿಲ್ಲ. ಕೂಲಿಯವನಿಗೆ ಕೊಡದೆ ಉಳಿಸಿದ ಹಣ, ಒಡಹುಟ್ಟಿದವನೊಡನೆ ಮುರಿದ ಮಾತು, ದುರ್ಬಲನ ಮೇಲೆ ಎತ್ತಿದ ಕೈ, ಇವುಗಳ ಲೆಕ್ಕ ಚುಕ್ತವಾಗುವುದು ಇಲ್ಲಿಯೇ, ಅವರೆದುರಿನಲ್ಲಿಯೇ. ಕಲ್ಯಾಣದ ಭಂಡಾರಿಯು ಚಿತ್ರಗುಪ್ತನ ಕೈಯಿಂದ ಕಡತವನ್ನು ತೆಗೆದುಕೊಂಡದ್ದು ಹರಿದುಹಾಕುವುದಕ್ಕಲ್ಲ. ಅದನ್ನು ಅವರವರ ಕೈಗೇ ಕೊಟ್ಟು, ಹೊತ್ತು ಮುಳುಗುವುದರೊಳಗೆ ಬರೆದು ಮುಗಿಸಿರೆಂದು ಹೇಳುವುದಕ್ಕೆ. ಹಾಗೆ ಬರೆದು ಮುಗಿಸಿದವನ ಮನೆಗೆ ಸಾವು ಅತಿಥಿಯಾಗಿ ಬರಬಲ್ಲದೇ ಹೊರತು ಅಮೀನನಾಗಿ ಅಲ್ಲ.